ವಿಶಾಲಮ್ಮನವರಿಗೆ ಕೇಳಿಸಿದ ಗುಂಯ್ ಸದ್ದು

ಅರಸೀಕೆರೆಯ ನಮ್ಮ ಬೀದಿಯಲ್ಲಿ ಒಂದೇ ಅಚ್ಚಿನ ಹನ್ನೊಂದು ಮನೆಗಳಿವೆ. ಎಂಟು ವರ್ಷದ ಹಿಂದೆ ಉದಯಕುಮಾರ್ ಅನ್ನುವ ಕಂಟ್ರಾಕ್ಟರ್ ಒಟ್ಟಿಗೆ ಕಟ್ಟಿಸಿ ಮಾರಿದ ಮನೆಗಳು. ಮೂರನೆಯದು ನನ್ನದು. ನಾಲ್ಕನೆಯದು ವಿಶಾಲಮ್ಮನವರದು. ಅವರ ಯಜಮಾನರು ಏಕಾಂತಯ್ಯನವರಿಗೆ ಕೊಬ್ಬರಿ ವ್ಯಾಪಾರ. ಉದಯಕುಮಾರ್ ಏಕಾಂತಯ್ಯನವರ ಸ್ವಂತ ಅಕ್ಕನ ಮಗ. ಸೋದರಳಿಯನೇ ಕಟ್ಟಿಸಿದ ಮನೆ ಅಂದಮೇಲೆ ಗೋಡೆ ತಟ್ಟಿ ನೋಡುವುದು, ಬಾಗಿಲು ತೆಗೆದು ಹಾಕಿ ನೋಡುವುದು ಏನೂ ಇಲ್ಲದೆ ಕೊಂಡವರು ಅವರು.

ವಿಶಾಲಮ್ಮನವರು ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೊದಲ ಹತ್ತು ವರ್ಷ ಬೇಲೂರಿನಲ್ಲಿ ಟ್ರಂಕ್ ಬೋರ್ಡಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಫಿ ತೋಟದವರ ಮಾತನ್ನು ಮಂಗಳೂರಿಗೆ, ಹಳೇಬೀಡಿನವರ ಮಾತನ್ನು ಬೆಂಗಳೂರಿಗೆ ದಾಟಿಸುತ್ತಿದ್ದರು. ತಂತಿಯಲ್ಲಿ ಬರುವ ಸದ್ದು ಕೇಳಿಯೇ ಕೆಟ್ಟಿರುವ ಜಾಗ ಹೇಳುತ್ತಿದ್ದರಂತೆ. ಚಟಚಟ ಅಂದರೆ ಬಿಕ್ಕೋಡಿನ ಕಡೆ ಮರದ ಕೊಂಬೆ ತಂತಿಗೆ ಉಜ್ಜುತ್ತಿದೆ. ಬುಸ್ ಅಂದರೆ ಎಲ್ಲೋ ಜಾಯಿಂಟಿನಲ್ಲಿ ನೀರು ಇಳಿದಿದೆ. ಲೈನ್‌ಮನ್ ಕೆಂಚಯ್ಯ ಈಕೆ ಹೇಳಿದ ಕಡೆಗೇ ಸೈಕಲ್ ತಿರುಗಿಸುತ್ತಿದ್ದ. ಆಮೇಲೆ ಅರಸೀಕೆರೆಗೆ ವರ್ಗವಾಗಿ, ಬೋರ್ಡುಗಳ ಕಾಲ ಮುಗಿದು, ಹದಿನೈದು ವರ್ಷ ದೂರು ತೆಗೆದುಕೊಳ್ಳುವ ಮೇಜಿನಲ್ಲಿ ಕೂತರು. ಜನ ಬೈದರು, ಅತ್ತರು, ಫೋನ್ ಕುಕ್ಕಿದರು. ಈಕೆ ಎಲ್ಲವನ್ನೂ ಕೇಳಿಸಿಕೊಂಡು ಬರೆದುಕೊಂಡರು.

ಹೋದ ವರ್ಷ ಅವರು ತಮ್ಮ ಪಿಂಚಣಿಯಲ್ಲಿ ಬಿ.ಎಚ್. ರಸ್ತೆಯ ಅಂಗಡಿಯೊಂದರಿಂದ ದೊಡ್ಡ ಟಿವಿ, ಅದಕ್ಕೆ ಜೋಡಿಸುವ ಹೋಮ್ ಥಿಯೇಟರ್ ತಂದರು. ಬೆಳಿಗ್ಗೆ ಆರೂವರೆಗೆ ಬರುವ ವಚನ ಗಾಯನ ಚೆನ್ನಾಗಿ ಕೇಳಬೇಕು ಅನ್ನುವುದಷ್ಟೇ ಅವರ ಆಸೆ. ಅಂಗಡಿಯ ಹುಡುಗರು ಬಂದು ಕೇಬಲ್ಲಿನ ಸೆಟ್‌ಟಾಪ್ ಬಾಕ್ಸಿಗೆ ಎಲ್ಲವನ್ನೂ ಜೋಡಿಸಿ, ಒಂದು ಸಿನಿಮಾ ಹಾಡನ್ನು ಮನೆ ನಡುಗುವಂತೆ ಕೇಳಿಸಿ ಹೋದರು. ಅಷ್ಟು ಜೋರಿನಲ್ಲಿ ಏನು ತಾನೇ ತಿಳಿಯುತ್ತದೆ? ಮರುದಿನ ಬೆಳಿಗ್ಗೆ ಗಾಯಕಿ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಂಡಾಗ, ಆ ಖಾಲಿ ಜಾಗದಲ್ಲಿ ಗುಂಯ್ ಅನ್ನುವ ಸದ್ದು ಬಂತು. ಮುಚ್ಚಿದ ಡಬ್ಬಿಯೊಳಗೆ ಕಣಜ ಸೇರಿಕೊಂಡ ಹಾಗೆ. ಟಿವಿಯ ಸದ್ದು ಪೂರ್ತಿ ಇಳಿಸಿದರೂ ಅದು ಇಳಿಯಲಿಲ್ಲ.

ಅಂದೇ ಅಂಗಡಿಗೆ ಫೋನ್ ಮಾಡಿದರು. ನಾಲ್ಕು ದಿನ ಬಿಟ್ಟು ಸರ್ವಿಸ್ ನೋಡಿಕೊಳ್ಳುವ ಇಂದ್ರೇಶ್ ಬಂದ. ಫ್ಯಾನ್ ತಿರುಗುತ್ತಿದ್ದ ಹಾಲಿನಲ್ಲಿ ಅರ್ಧ ನಿಮಿಷ ನಿಂತ.

"ಏನೂ ಇಲ್ವಲ್ಲಮ್ಮ, ಎಲ್ಲಾ ಸಿಸ್ಟಮಲ್ಲೂ ಇಷ್ಟು ಇದ್ದೇ ಇರುತ್ತೆ."

"ಫ್ಯಾನ್ ಆರಿಸಿ ಕೇಳಪ್ಪ."

ಫ್ಯಾನ್ ಆರಿಸಿದರು. ಸದ್ದು ಸ್ಪಷ್ಟವಾಗಿತ್ತು. ಇಂದ್ರೇಶ್ ವೈರು ಕಿತ್ತು ಮತ್ತೆ ಸಿಕ್ಕಿಸಿ, "ನಮ್ಮ ಮಾಲಿಂದ ಅಲ್ಲ, ಕೇಬಲ್ ಅವರನ್ನ ಕೇಳಿ" ಅಂದ. ಕೇಬಲ್ಲಿನವನು ಬಂದು, "ನಮ್ಮ ಸಿಗ್ನಲ್ ಕ್ಲೀನಾಗಿದೆ, ಮನೆ ವೈರಿಂಗ್ ನೋಡ್ಸಿ" ಅಂದ. ಉದಯಕುಮಾರ್ ಕಳಿಸಿದ ಎಲೆಕ್ಟ್ರಿಷಿಯನ್ ಒಂದು ಸ್ವಿಚ್ಚನ್ನೂ ಬಿಚ್ಚದೆ, "ವೈರಿಂಗ್ ಪಕ್ಕಾ ಇದೆ, ಟಿವಿ ಕಂಪನಿಯವರದ್ದೇ ತಪ್ಪು" ಅಂದ. ಮೂವರೂ ಕಾಫಿ ಕುಡಿದು ಹೋದರು. ಸದ್ದು ಇದ್ದಲ್ಲೇ ಇತ್ತು.

ಈ ನಡುವೆ ಒಂದು ಸಂಜೆ ವಿಶಾಲಮ್ಮನವರು ನನ್ನನ್ನು ಕರೆದಿದ್ದರು. "ಮೇಷ್ಟ್ರೇ, ಒಂದ್ ನಿಮಿಷ ಬಂದು ಕೇಳಿ. ನನಗೊಬ್ಬಳಿಗೇ ಕೇಳಿಸ್ತಿದೆಯಾ ಹೇಗೆ ಅಂತ ಗೊತ್ತಾಗಲಿ." ನಾನು ಹೋದೆ. ಸದ್ದು ನನಗೂ ಕೇಳಿಸಿತು. ಆದರೆ ಮನೆಯಲ್ಲಿ ಕ್ರಿಕೆಟ್ ಮ್ಯಾಚು ಕೊನೆಯ ಓವರುಗಳಲ್ಲಿತ್ತು. ಹೌದು ಅಂದರೆ ಕೂರಬೇಕಾಗುತ್ತದೆ ಅನ್ನಿಸಿ, "ನನಗೇನೂ ಅಷ್ಟು ಗೊತ್ತಾಗ್ತಿಲ್ಲಮ್ಮ" ಅಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. ಸುಳ್ಳು ಅವರಿಗೆ ತಿಳಿಯಿತೋ ಇಲ್ಲವೋ ನಾನು ಇವತ್ತಿನವರೆಗೂ ಕೇಳಿಲ್ಲ.

ಮೂರನೇ ಸಲ ದೂರು ಕೊಡಲು ಅವರೇ ಅಂಗಡಿಗೆ ಹೋದಾಗ ಇಂದ್ರೇಶ್ ಪಕ್ಕದಲ್ಲಿದ್ದವನಿಗೆ ಕಣ್ಣು ಮಿಟುಕಿಸಿ ಅಂದನಂತೆ, "ಅಮ್ಮ, ಬೇಜಾರ್ ಮಾಡ್ಕೋಬೇಡಿ. ವಯಸ್ಸಾದ ಮೇಲೆ ಕಿವೀಲಿ ಗುಂಯ್ ಅನ್ನೋದು ಸಹಜ. ಒಂದ್ಸಲ ಡಾಕ್ಟರಿಗೆ ತೋರ್ಸಿ."

ವಿಶಾಲಮ್ಮನವರು ಎದ್ದು ಬಂದರು. ಮನೆಗೆ ಬಂದ ಮೇಲೆ ಏಕಾಂತಯ್ಯನವರ ಮುಂದೆ ಸಿಡಿದರು.

"ಹದಿನೈದು ವರ್ಷ ಜನರ ದೂರು ಕೇಳ್ದೆ ಕಣ್ರೀ. ಒಬ್ಬರಿಗೆ, ಒಬ್ಬೇ ಒಬ್ಬರಿಗೆ, ನಿಮ್ಮ ಕಿವಿ ಕೆಟ್ಟಿದೆ ಅಂದಿದ್ದೀನಾ? ಆ ಹುಡುಗ ಅಂತಾನಲ್ಲ!"

"ಹೋಗ್ಲಿ ಬಿಡೇ. ಸಣ್ಣ ಸದ್ದು ತಾನೆ. ಸ್ವಲ್ಪ ದಿನಕ್ಕೆ ಅಭ್ಯಾಸ ಆಗೋಗುತ್ತೆ," ಅಂದರು ಏಕಾಂತಯ್ಯ. ಅವರು ಜೀವಮಾನದಲ್ಲಿ ಯಾರೊಂದಿಗೂ ಜಗಳ ಆಡಿದವರಲ್ಲ.

"ಅಭ್ಯಾಸ ಯಾಕ್ರೀ ಮಾಡ್ಕೋಬೇಕು? ನಾನು ತಂದಿದ್ದು ಟಿವಿ. ಕಣಜದ ಗೂಡಲ್ಲ."

ಮರುದಿನ ಅವರು ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಕಿವಿ ಡಾಕ್ಟರಲ್ಲಿ ಪರೀಕ್ಷೆ ಮಾಡಿಸಿಕೊಂಡೇ ಬಂದರು. ಎತ್ತರದ ಸ್ವರಗಳು ವಯಸ್ಸಿಗೆ ತಕ್ಕಂತೆ ಸ್ವಲ್ಪ ಮಂಕಾಗಿವೆ, ತಗ್ಗಿನ ಸ್ವರಗಳು ಮೂವತ್ತರವರ ಕಿವಿಗೆ ಕೇಳಿದಷ್ಟೇ ಚೆನ್ನಾಗಿ ಕೇಳುತ್ತವೆ ಅಂತ ಡಾಕ್ಟರು ಬರೆದುಕೊಟ್ಟರು. ಗುಂಯ್ ಅನ್ನುವುದು ತಗ್ಗಿನ ಸ್ವರವೇ. ಆ ಕಾಗದವನ್ನು ಗಿರಾಕಿಗಳು ತುಂಬಿದ್ದ ಅಂಗಡಿಯಲ್ಲಿ ಇಂದ್ರೇಶನ ಮೇಜಿನ ಮೇಲಿಟ್ಟು, "ಓದಪ್ಪ, ಜೋರಾಗಿ ಓದು" ಅಂದರು. ಅವನು ಓದಲಿಲ್ಲ. "ಸರಿ ಅಮ್ಮ, ಕಂಪನಿಗೆ ಮೇಲ್ ಹಾಕ್ತೀವಿ" ಅಂದ. ಹಾಕಲಿಲ್ಲ.

ಇನ್ನು ಯಾರನ್ನೂ ಕೇಳಿ ಪ್ರಯೋಜನವಿಲ್ಲ ಅಂತ ಅವರೇ ಕೂತರು. ಮನೆಯ ಒಂದೊಂದೇ ಪ್ಲಗ್ ತೆಗೆಯುತ್ತಾ ಹೋದರು. ಫ್ರಿಜ್ ತೆಗೆದರು, ಸದ್ದು ಹೋಗಲಿಲ್ಲ. ಟ್ಯೂಬ್‌ಲೈಟ್, ಯುಪಿಎಸ್ ಆರಿಸಿದರು, ಹೋಗಲಿಲ್ಲ. ಕೊನೆಗೆ ಸೆಟ್‌ಟಾಪ್ ಬಾಕ್ಸಿನ ಹಿಂದೆ ತಿರುಚಿ ಸಿಕ್ಕಿಸಿದ್ದ ಕೇಬಲ್ಲನ್ನು ಬಿಚ್ಚಿದರು. ಸದ್ದು ಕತ್ತರಿಸಿದ ಹಾಗೆ ನಿಂತಿತು. ಸಿಕ್ಕಿಸಿದರು, ಬಂತು. ಕೇಬಲ್ಲಿನ ಲೋಹದ ತುದಿ ಬೆರಳಿಗೆ ತಗುಲಿದಾಗ ಸಣ್ಣಗೆ ಜುಮ್ಮೆಂದಿತು.

ಆ ಜುಮ್ಮೆನ್ನುವುದು ಅವರಿಗೆ ಹೊಸದಾಗಿರಲಿಲ್ಲ. ಹಿಂದೆ ಬೇಲೂರಿನ ಬೋರ್ಡಿನಲ್ಲೂ ಒಂದು ಮಳೆಗಾಲ ಹೀಗೇ ಗುಂಯ್ ಅಂದು, ಲೋಹ ಮುಟ್ಟಿದರೆ ಜುಮ್ಮೆಂದಿತ್ತು. ಅದನ್ನು ಸರಿ ಮಾಡಿದ್ದವನು ಕೆಂಚಯ್ಯ. ಈಗ ಅವನು ಹಾರನಹಳ್ಳಿಯ ತನ್ನ ಮನೆಯಲ್ಲಿದ್ದ. ಫೋನಿನಲ್ಲಿ ವಿಷಯ ಪೂರ್ತಿ ಹೇಳುವ ಮೊದಲೇ, "ನಾಳೀಕೆ ಬತ್ತೀನಿ ವಿಶಾಲಮ್ಮೋರೆ, ಅಲ್ಲೀಗಂಟ ಆ ಡಬ್ಬ ಮುಟ್ಟಬ್ಯಾಡಿ" ಅಂದ.

ಎಪ್ಪತ್ತು ದಾಟಿದ ಕೆಂಚಯ್ಯ ಮಧ್ಯಾಹ್ನದ ಬಸ್ಸಿಗೆ ಬಂದ. ಕೈಚೀಲದಲ್ಲಿ ಒಂದು ಟೆಸ್ಟರ್, ಒಂದು ಕಟಿಂಗ್ ಪ್ಲೇಯರ್, ಹೋಲ್ಡರಿಗೆ ಎರಡು ವೈರು ಕಟ್ಟಿದ ಹಳೆಯ ಬಲ್ಬು. ಅಷ್ಟೇ. ನನಗೆ ಶನಿವಾರದ ಅರ್ಧ ದಿನದ ಶಾಲೆ. ಅದು ಮುಗಿಸಿ ಬಂದು ನಾಚಿಕೆಯಿಂದಲೋ ಕುತೂಹಲದಿಂದಲೋ ಅಲ್ಲಿ ನಿಂತುಕೊಂಡೆ.

ಕೆಂಚಯ್ಯ ಬಲ್ಬಿನ ಒಂದು ವೈರನ್ನು ಟಿವಿ ಹಿಂದಿನ ಪ್ಲಗ್ ಪಾಯಿಂಟಿನ ಬಲಗಡೆ ತೂತಿಗೆ, ಇನ್ನೊಂದನ್ನು ಎಡಗಡೆ ತೂತಿಗೆ ಇಟ್ಟ. ಬಲ್ಬು ಝಗ್ಗನೆ ಹತ್ತಿತು. ಆಮೇಲೆ ಎಡಗಡೆಯ ವೈರು ತೆಗೆದು ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥಿಂಗಿಗೆ, ಇಟ್ಟ. ಬಲ್ಬಿನ ತಂತಿ ಕೆಂಪಗೂ ಆಗಲಿಲ್ಲ.

"ನೋಡಿದ್ರಾ? ಇದು ಬರೀ ತೂತು ಕಣ್ರೀ. ಹಿಂದೆ ಏನೂ ಇಲ್ಲ. ಈ ಪೆಟ್ಟಿಗೆಗಳಲ್ಲಿ ಚೂರುಪಾರು ಕರೆಂಟು ಸೋರ್ತಾನೇ ಇರ್ತೈತೆ. ಅದು ಸುಮ್ನೆ ಭೂಮಿಗೆ ಹೋಗ್ಬೇಕು. ನಿಮ್ಮನೇಲಿ ಭೂಮಿಗೆ ದಾರೀನೇ ಇಲ್ಲ. ಅದ್ಕೆ ಕೇಬಲ್ ಹಿಡ್ಕಂಡು ಆಚೆ ಓಡ್ತೈತೆ. ಹಂಗ್ ಓಡೋವಾಗ ಸ್ಪೀಕರ್ ವೈರಲ್ಲೂ ನುಗ್ಗಿ ಹೋಗ್ತೈತಲ್ಲ, ಅದೇ ಗುಂಯ್."

"ಅರ್ಥಿಂಗ್ ಇದೆಯಲ್ಲೋ ಕೆಂಚಯ್ಯ! ಹಿತ್ತಲಲ್ಲಿ ಗುಂಡಿ ಮಾಡಿ ಪೈಪ್ ಹಾಕಿದ್ದಾರೆ," ಅಂದರು ವಿಶಾಲಮ್ಮ.

ಹಿತ್ತಲಿಗೆ ಹೋದೆವು. ಅಡುಗೆಮನೆ ಗೋಡೆಯ ಪಕ್ಕ ಒಂದು ಮೊಳ ಅಗಲದ ಸಿಮೆಂಟಿನ ಕಟ್ಟೆ, ನಡುವೆ ಕಬ್ಬಿಣದ ಪೈಪಿನ ಬಾಯಿ. ಹನ್ನೊಂದು ಮನೆಯ ಹಿತ್ತಲಲ್ಲೂ ಇಂಥದ್ದೇ ಇದೆ. ಕೆಂಚಯ್ಯ ಹಾರೆಯಿಂದ ಸಿಮೆಂಟನ್ನು ಎರಡು ಕಡೆ ಮೀಟಿ, ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಮೂಲಂಗಿ ಕಿತ್ತಷ್ಟು ಸಲೀಸಾಗಿ ಬಂತು. ಪೂರ್ತಿ ಒಂದೂವರೆ ಅಡಿ. ಸುತ್ತ ತುಂಬಿರಬೇಕಾದ ಇದ್ದಿಲಿಲ್ಲ, ಉಪ್ಪಿಲ್ಲ, ಪೈಪಿಗೆ ಸುತ್ತಿರಬೇಕಾದ ತಂತಿಯೂ ಇಲ್ಲ. ತಂತಿಯ ಒಂದು ತುಂಡು ಗೋಡೆಯೊಳಗಿಂದ ಗೇಣುದ್ದ ಆಚೆಗೆ ಬಂದು ಅಲ್ಲೇ ಬೋಳಾಗಿ ನಿಂತಿತ್ತು.

"ಎಂಟಡಿ ಇರ್ಬೇಕಿತ್ತು," ಅಂದ ಕೆಂಚಯ್ಯ.

ವಿಶಾಲಮ್ಮನವರು ಪೈಪನ್ನು ಕೈಗೆ ತೆಗೆದುಕೊಂಡು ನೋಡಿದರು.

"ಉದಯ ಗೃಹಪ್ರವೇಶದ ದಿನ ನನ್ನನ್ನ ಇಲ್ಲಿಗೇ ಕರಕೊಂಡು ಬಂದು ಹೇಳಿದ್ದ. 'ಅತ್ತೆ, ಬೇಸಿಗೇಲಿ ವಾರಕ್ಕೊಂದು ಕೊಡ ನೀರು ಹಾಕ್ತಿರಿ, ಅರ್ಥಿಂಗ್ ಚೆನ್ನಾಗಿರುತ್ತೆ' ಅಂತ. ಎಂಟು ವರ್ಷ ಹಾಕಿದ್ದೀನಿ ಮೇಷ್ಟ್ರೇ. ನಲ್ಲಿ ನೀರು ಬರದ ವಾರ ಕೂಡ, ಸ್ನಾನದ ನೀರು ಉಳಿಸಿ ಹಾಕಿದ್ದೀನಿ."

ಅವರ ಸಿಟ್ಟನ್ನು ನಾನು ಆ ಹೊತ್ತಿಗೆ ಸರಿಯಾಗಿ ಅರ್ಥ ಮಾಡಿಕೊಂಡೆ. ಗುಂಡಿ ತೋಡಿಸದೆ ಇದ್ದದ್ದು ಒಂದು ಮೋಸ. ಇಲ್ಲದ ಗುಂಡಿಗೆ ಒಬ್ಬ ಹೆಂಗಸಿನ ಕೈಯಲ್ಲಿ ಎಂಟು ವರ್ಷ ನೀರು ಹೊರಿಸಿದ್ದು ಅದಕ್ಕಿಂತ ದೊಡ್ಡದು.

ಸಂಜೆ ಉದಯಕುಮಾರ್ ಬಂದ. ಏಕಾಂತಯ್ಯನವರು ಫೋನ್ ಮಾಡಿ ಕರೆಸಿದ್ದರು. ಹಾಲಿನ ನಡುವೆ ಪೈಪು ಬಿದ್ದಿತ್ತು. ಅದನ್ನು ನೋಡಿ ಅವನಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ.

"ಅಯ್ಯೋ ಅತ್ತೆ, ಅದು ಸಬ್ ಕಾಂಟ್ರಾಕ್ಟ್ ಕೊಟ್ಟಿದ್ದೆ. ಅವನು ಹಿಂಗೆ ಮಾಡ್ತಾನೆ ಅಂತ ನನಗೇನು ಗೊತ್ತು?"

"ನೀರು ಹಾಕು ಅಂದೋನು ಯಾರೋ? ಸಬ್ ಕಾಂಟ್ರಾಕ್ಟರಾ, ನೀನಾ?"

ಅವನು ಮಾವನ ಕಡೆ ನೋಡಿದ. "ಮಾವ, ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ವಲ್ಲ. ಒಂದು ಟಿವಿ ಸದ್ದಿಗೆ ಇಷ್ಟು ರಂಪ ಬೇಕಾ? ನಿಮ್ಮನೇದು ನಾಳೇನೇ ಹೊಸದಾಗಿ ಮಾಡಿಸ್ಕೊಡ್ತೀನಿ. ಆದ್ರೆ ಬೀದಿಯವರಿಗೆಲ್ಲ ಹೇಳ್ಕೊಂಡು ಹೋಗ್ಬೇಡಿ ಅಷ್ಟೆ. ಮನೆ ಮಾತು ಮನೇಲಿರಲಿ."

ಏಕಾಂತಯ್ಯನವರು ತಲೆ ತಗ್ಗಿಸಿದರು. ವಿಶಾಲಮ್ಮನವರು ಎದ್ದು ಪೈಪನ್ನು ಕೈಗೆತ್ತಿಕೊಂಡು, ಚಪ್ಪಲಿ ಮೆಟ್ಟಿ, ಗೇಟು ತೆಗೆದು ಬೀದಿಗೆ ಇಳಿದರು. ಹಿಂದೆ ಕೆಂಚಯ್ಯ, ಅವನ ಹಿಂದೆ ನಾನು.

ಮೊದಲು ನಮ್ಮ ಮನೆ. ನಮ್ಮ ಪೈಪು ಒಂದಡಿ ಎರಡು ಅಂಗುಲ. ನನ್ನ ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡಳು. ಆಮೇಲೆ ಐದು, ಆರು. ಏಳನೆಯದು ಮುದ್ದಮ್ಮನವರ ಮನೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮೂರು ವರ್ಷದ ಮೊಮ್ಮಗಳನ್ನು ನೋಡಿಕೊಂಡಿರುವ ಹೆಂಗಸು. ನಾವು ಹೋದಾಗ ಅವರು ವಾಷಿಂಗ್ ಮಷೀನಿನಿಂದ ಬಟ್ಟೆ ತೆಗೆಯುತ್ತಿದ್ದರು. ಕಾಲಿಗೆ ರಬ್ಬರ್ ಚಪ್ಪಲಿ, ಚಪ್ಪಲಿ ಕೆಳಗೆ ಒಂದು ಮಣೆ.

"ಇದ್ಯಾಕ್ರೀ ಮಣೆ ಮೇಲೆ ನಿಂತಿದ್ದೀರಾ?" ವಿಶಾಲಮ್ಮ ಕೇಳಿದರು.

"ಮಿಷನ್ನು ಚುರ್ ಅಂತೈತೆ ಕಣಮ್ಮ. ಮಳೆಗಾಲ್ದಲ್ಲಿ ಜಾಸ್ತಿ. ಮಣೆ ಹಾಕ್ಕಂಡ್ರೆ ಏನೂ ಆಗಾಕಿಲ್ಲ. ಮಗೀಗೆ ಹತ್ರ ಬರಬ್ಯಾಡ ಅಂತ ಹೇಳಿಟ್ಟಿವ್ನಿ."

"ಎಷ್ಟು ದಿನದಿಂದ?"

"ತಂದಾಗಿಂದ್ಲೂ. ನನ್ ಮೈಯಾಗೇ ವಾತ ಜಾಸ್ತಿ ಆಗೈತೆ, ಅದ್ಕೇ ಜುಮ್ ಅಂತೈತೆ ಅಂತ ರಿಪೇರಿಯವ್ನು ಹೇಳ್ದ."

ಕೆಂಚಯ್ಯ ಟೆಸ್ಟರಿನ ಮೂತಿಯನ್ನು ಮಷೀನಿನ ತಗಡಿಗೆ ತಾಗಿಸಿದ. ಅದರೊಳಗಿನ ದೀಪ ಹೊಳೆಯಿತು. ವಿಶಾಲಮ್ಮನವರ ಮುಖ ಕೆಂಪಾಗಿ ಹೋಯಿತು. ಒಬ್ಬಳಿಗೆ ಕಿವಿ ಕೆಟ್ಟಿದೆ, ಇನ್ನೊಬ್ಬಳಿಗೆ ಮೈಯಲ್ಲಿ ವಾತ. ಗೋಡೆಯೊಳಗಿನ ತಂತಿ ಒಂದು ಬಿಟ್ಟು ಎಲ್ಲರದ್ದೂ ಎಲ್ಲವೂ ಕೆಟ್ಟಿತ್ತು!

ಕತ್ತಲಾಗುವ ಹೊತ್ತಿಗೆ ಒಂಬತ್ತು ಪೈಪುಗಳು ವಿಶಾಲಮ್ಮನವರ ಜಗಲಿಯ ಮೇಲೆ ಸಾಲಾಗಿ ಬಿದ್ದಿದ್ದವು. ಹತ್ತು ಮತ್ತು ಹನ್ನೊಂದನೆಯ ಮನೆಯವು ಮಾತ್ರ ಅಲುಗಾಡಲಿಲ್ಲ. ಕೇಳಿದರೆ, ಆ ಇಬ್ಬರೂ ಗುಂಡಿ ತೋಡುವ ದಿನ ಅಲ್ಲೇ ನಿಂತು ನೋಡಿದ್ದರಂತೆ.

ಆ ರಾತ್ರಿಯೇ ಅವರು ದೂರಿನ ಅರ್ಜಿ ಬರೆದರು. ಜೀವನಪೂರ್ತಿ ಬೇರೆಯವರ ದೂರು ಬರೆದವರ ಅಕ್ಷರ. ಒಂದು ಒತ್ತೂ ತಪ್ಪಿರಲಿಲ್ಲ. ವಿದ್ಯುತ್ ಪರಿವೀಕ್ಷಕರಿಗೆ ಒಂದು ಪ್ರತಿ, ಪುರಸಭೆಗೆ ಒಂದು. ಒಂಬತ್ತು ಮನೆಯವರಲ್ಲಿ ಆರು ಜನ ಸಹಿ ಹಾಕಿದರು. ಉಳಿದ ಮೂವರು, "ಮನೆಗೆ ಕೆಟ್ಟ ಹೆಸರು ಬಂದ್ರೆ ನಾಳೆ ಮಾರೋಕಾಗಲ್ಲ" ಅಂದರು. ಅವರಲ್ಲಿ ಒಬ್ಬರು ನನ್ನ ಸಹೋದ್ಯೋಗಿ, ವಿಜ್ಞಾನದ ಮೇಷ್ಟ್ರು. ಅವರ ಹೆಸರು ಬರೆಯದೆ ಬಿಡುತ್ತಿದ್ದೇನೆ.

ಅರ್ಜಿಯ ಸುದ್ದಿ ಉದಯಕುಮಾರನಿಗೆ ಮುಟ್ಟಿತು. ಪರಿಶೀಲನೆಗೆ ಯಾರಾದರೂ ಬರುವ ಮೊದಲೇ ಎಂಟಡಿ ಪೈಪು, ಇದ್ದಿಲ ಮೂಟೆ, ಉಪ್ಪಿನ ಮೂಟೆ ತುಂಬಿದ ಟೆಂಪೋ ನಮ್ಮ ಬೀದಿಗೆ ಬಂದು ನಿಂತಿತು. ಸಹಿ ಹಾಕದ ಮೂರು ಮನೆಗೂ ಸೇರಿಸಿ ಒಂಬತ್ತು ಗುಂಡಿ. ವಿಶಾಲಮ್ಮನವರು ಪ್ರತಿ ಹಿತ್ತಲಲ್ಲೂ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಛತ್ರಿ ಹಿಡಿದು, ಕೈಯಲ್ಲಿ ಟೈಲರ್ ಟೇಪು ಇಟ್ಟುಕೊಂಡು ಕೂತರು. ಪೈಪು ಇಳಿಸುವ ಮೊದಲು ಅಳೆದರು, ಗುಂಡಿಯನ್ನೂ ಅಳೆದರು. ಆರಡಿಗೆ ಕಲ್ಲು ಸಿಕ್ಕಿತು, ಸಾಕು ಅಂದ ಕೆಲಸದವನಿಗೆ, "ಕಲ್ಲು ಸಿಕ್ಕಿದ್ರೆ ಪಕ್ಕದಲ್ಲಿ ತೋಡು" ಅಂದರು. ಐದು ದಿನ ಹೀಗೆ ಕೂತರು. ಏಕಾಂತಯ್ಯನವರು ಕೊಬ್ಬರಿ ಮಂಡಿಯಿಂದ ಊಟಕ್ಕೆ ಬಂದವರು ಹೆಂಡತಿ ಕೂತಿದ್ದ ಹಿತ್ತಲಿಗೇ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದರು.

ಕೊನೆಯ ದಿನ ಕೆಂಚಯ್ಯ ಮತ್ತೆ ಬಂದು, ಕೆಲಸದವರು ಗೋಡೆಯ ತಂತಿಗಳನ್ನೆಲ್ಲ ಸರಿಯಾಗಿ ಸೇರಿಸಿದ್ದಾರೋ ಇಲ್ಲವೋ ಅಂತ ಬಲ್ಬು ಇಟ್ಟು ನೋಡಿದ. ಎಲ್ಲ ಮನೆಯಲ್ಲೂ ಹತ್ತಿತು. ವಿಶಾಲಮ್ಮನವರ ಟಿವಿಯ ಗುಂಯ್ ಸದ್ದು ಮುಕ್ಕಾಲು ಪಾಲು ಇಳಿದಿತ್ತು. ಆದರೆ ಅವರ ಕಿವಿಗೆ ಇನ್ನೂ ಎಳೆಯಷ್ಟು ಕೇಳುತ್ತಿತ್ತು. "ಈಗ ಮನೆ ಭೂಮಿ ಬೇರೆ, ಕೇಬಲ್ಲಿನೋರ ಭೂಮಿ ಬೇರೆ. ಎಲ್ಡಕ್ಕೂ ಒಂಚೂರು ಎಳೆದಾಟ," ಅಂದ ಕೆಂಚಯ್ಯ, ಕೇಬಲ್ ಮತ್ತು ಸೆಟ್‌ಟಾಪ್ ಬಾಕ್ಸಿನ ನಡುವೆ ಹೆಬ್ಬೆರಳಿನಷ್ಟು ಉದ್ದದ ಐಸೊಲೇಟರ್ ಒಂದನ್ನು ತಿರುಚಿ ಕೂರಿಸಿದ. ಚಿತ್ರ ಬರುತ್ತದೆ, ಕರೆಂಟು ದಾಟುವುದಿಲ್ಲ. ಅಲ್ಲಿಗೆ ಅದೂ ನಿಂತಿತು. ಮರುದಿನ ಆರೂವರೆಗೆ ಗೋಡೆಯಾಚೆಯಿಂದ ನನಗೂ ವಚನ ಕೇಳಿಸಿತು.

ಪರಿವೀಕ್ಷಕರು ಒಂದೂವರೆ ತಿಂಗಳ ಮೇಲೆ ಬಂದು, ಎಲ್ಲ ಸರಿಯಿದೆ ಅಂತ ಬರೆದುಕೊಂಡು ಹೋದರು. ಹಿಂದೆ ಸರಿಯಿರಲಿಲ್ಲ ಅನ್ನುವುದಕ್ಕೆ ಜಗಲಿಯ ಮೇಲಿನ ಪೈಪುಗಳನ್ನು ತೋರಿಸಿದರೆ, "ಈಗ ಆಗಿದೆಯಲ್ಲ ಬಿಡಿ" ಅಂದರು. ಉದಯಕುಮಾರನಿಗೆ ಒಂದು ನೋಟಿಸೂ ಬರಲಿಲ್ಲ. ಹಾಸನ ರಸ್ತೆಯಲ್ಲಿ ಅವನ ಹೊಸ ಮನೆಗಳು ಏಳುತ್ತಿವೆ. ಅಂಗಡಿಯವರಿಗೆ ತಪ್ಪು ಎಲ್ಲಿತ್ತು ಅಂತ ತಿಳಿಸಲು ವಿಶಾಲಮ್ಮನವರೇ ಹೋಗಿದ್ದರು. ಇಂದ್ರೇಶ್, "ಸರಿಹೋಯ್ತಲ್ಲ ಅಮ್ಮ, ಒಂದು ಒಳ್ಳೇ ರೇಟಿಂಗ್ ಕೊಟ್ಬಿಡಿ" ಅಂತ ಫೋನು ಚಾಚಿದನಂತೆ. ಕಿವಿಯ ಮಾತು ಅವನಿಗೆ ನೆನಪೇ ಇರಲಿಲ್ಲ.

ನೆಂಟಸ್ತಿಕೆ ಮಾತ್ರ ಮುರಿಯಿತು. ಏಕಾಂತಯ್ಯನವರ ಅಕ್ಕ ತಮ್ಮನ ಮನೆಗೆ ಬರುವುದನ್ನು ಬಿಟ್ಟರು. ಈ ವೈಶಾಖದಲ್ಲಿ ಬೇಲೂರಿನಲ್ಲಿ ಅವರ ಬಳಗದ ಮದುವೆ. ನನ್ನನ್ನೂ ಕರೆದಿದ್ದರು. ಊಟದ ಪಂಕ್ತಿಯಲ್ಲಿ ಎದುರು ಸಾಲಿನಿಂದ ಯಾರೋ ಹಿರಿಯರು ಎಲ್ಲರಿಗೂ ಕೇಳುವಂತೆ, "ಟಿವಿ ಗುಂಯ್ ಅಂತು ಅಂತ ಮನೆ ಹುಡುಗನ ಮರ್ಯಾದೆ ಬೀದಿಗೆ ತಂದ್ರಂತಲ್ಲ" ಅಂದರು. ಕೆಲವರು ನಕ್ಕರು. ವಿಶಾಲಮ್ಮನವರು ಹೆಂಗಸರ ಸಾಲಿನಲ್ಲಿದ್ದರು. ಅವರು ಬಾಯಿ ತೆರೆಯುವ ಮೊದಲೇ ಏಕಾಂತಯ್ಯನವರು ಎಲೆಯ ಮೇಲಿಂದ ಕೈ ತೆಗೆದರು.

"ಏಳನೇ ಮನೇಲಿ ಮೂರು ವರ್ಷದ ಮಗು ಇದೆ," ಅಂದರು. ದನಿ ಏರಿರಲಿಲ್ಲ. "ಅದು ಒಂದಿನ ಒದ್ದೆ ಕೈಯಲ್ಲಿ ಮಷೀನ್ ಹಿಡ್ಕೊಂಡಿದ್ರೆ ಯಾರ ಮರ್ಯಾದೆ ಹೋಗ್ತಿತ್ತು ಸ್ವಾಮಿ? ನನ್ನ ಹೆಂಡತಿಗೆ ಗೊತ್ತಾಗಿದ್ದು ತಡ ಆಯ್ತು. ನಾನು ಕೇಳಿಸ್ಕೊಂಡಿದ್ದು ಇನ್ನೂ ತಡ. ಅದೊಂದೇ ತಪ್ಪು ನಮ್ಮದು."

ಉದಯಕುಮಾರ್ ಬಡಿಸುವವರ ಮೇಲ್ವಿಚಾರಣೆಯಲ್ಲಿ ಅಲ್ಲೇ ಕಂಬದ ಪಕ್ಕ ನಿಂತಿದ್ದ. ಕೈಯಲ್ಲಿದ್ದ ತುಪ್ಪದ ಗಿಂಡಿಯನ್ನು ಯಾರಿಗೋ ಕೊಟ್ಟು ಹೊರಗೆ ಹೋದ.